ಸುಣ್ಣ ಬಳಿದ ಬದಿ

ಬೀಸಿ ಮುಗಿದ ಗಾಳಿಯನ್ನು ಕಂಪ್ಯೂಟರಿನೊಳಗೆ ಇನ್ನೊಮ್ಮೆ ಬೀಸಿಸುವುದು ನನ್ನ ಕೆಲಸ. ಯಾವ ಊರಿನ ಮೇಲೆ ಎಷ್ಟು ಜೋರಾಗಿ ಬೀಸಿತು, ಎಷ್ಟು ಮಳೆ ಸುರಿಯಿತು ಅಂತ ಲೆಕ್ಕ ಹಾಕಿ ಕೊಟ್ಟರೆ, ಬೆಳೆಹಾನಿ ನೋಡುವವರು ಅದನ್ನು ಹಿಡಿದುಕೊಂಡು ಹಳ್ಳಿಗೆ ಹೋಗುತ್ತಾರೆ. ಈ ವಿದ್ಯೆಯ ಬಗ್ಗೆ ನನಗೆ ಜಂಬ ಇತ್ತು, ಸ್ವಲ್ಪವಲ್ಲ, ಬೇಕಾದಷ್ಟು.

ಆ ಬೇಸಿಗೆಯ ಬಿರುಗಾಳಿ ಜಗಳೂರಿನ ಕಡೆ ಹುಟ್ಟಿ, ಸೀದಾ ಪಶ್ಚಿಮಕ್ಕೆ ಹೊನ್ನಾಳಿ ಮೇಲೆ ಹಾದು ನ್ಯಾಮತಿ ದಾಟಿತು ಎಂದಿತ್ತು ನನ್ನ ಲೆಕ್ಕ. ಚನ್ನಗಿರಿ ತಾಲ್ಲೂಕಿನಲ್ಲಿ ಎಲೆ ಅಲುಗುವಷ್ಟು ಗಾಳಿ, ಅಷ್ಟೇ. ಹಾಗೇ ಬರೆದುಕೊಟ್ಟೆ. ಆದರೆ ಅದೇ ತಾಲ್ಲೂಕಿನ ಕೆರೆಬಿಳಚಿಯ ಒಬ್ಬ ಹೆಂಗಸು, ಗಾಳಿಗೆ ತನ್ನ ಅಡಿಕೆ ಮರ ಮುರಿದವೆಂದು ಅರ್ಜಿ ಕೊಟ್ಟಿದ್ದರು. ಕೆಳಗಿನ ಸಸಿಗಳು ನಲುಗುತ್ತವೆಂದು ಮುರಿದದ್ದನ್ನೆಲ್ಲ ಮರುದಿನವೇ ಬುಡಸಮೇತ ಕಡಿಸಿ ಒಟ್ಟಿಬಿಟ್ಟಿದ್ದರಿಂದ, ನೋಡಲು ಬಂದವರಿಗೆ ಸಿಕ್ಕಿದ್ದು ಒಂದು ರಾಶಿ. ನನ್ನ ಕಾಗದ ತೋರಿಸಿ, “ಗಾಳೀನೇ ಬಂದಿಲ್ಲ, ನೀವೇ ಕಡಿಸೀರಿ” ಎಂದು ಹಾಲಿನ ಡೈರಿ ಮುಂದೆ ಎಲ್ಲರೆದುರು ಹೇಳಿ ಹೋದರಂತೆ.

ಆಕೆ ಚನ್ನಗಿರಿಯ ನಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು.

“ಗಾಳಿ ಬಂದಿಲ್ಲ ಅಂತ ಬರ್ದೋರು ನೀವೇ ಏನ್ರೀ ಮೇಡಂ? ಆವತ್ತಿಂದ ಡೈರಿಗೆ ಹಾಲು ಹಾಕಾಕೂ ನಾನು ಹೋಗಿಲ್ಲ. ಪಕ್ಕದ ಮನೆಯೋರ ಕೈಲಿ ಕಳಿಸ್ತೀನಿ. ಹೋದ್ರೆ ಸುಳ್ಳುಬುರುಕಿ ಬಂದ್ಲು ಅಂತಾರೆ.”

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. “ಲೆಕ್ಕ ಸುಳ್ಳು ಹೇಳಲ್ಲ” ಎಂದು ಕಳಿಸಿಬಿಟ್ಟೆ. ಕಳಿಸಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬಿರುಗಾಳಿ ಬೀಸಿದ ದಿನದ ಬೆಳಗಿನ ಹವೆಯ ಮಾಹಿತಿಯಿಂದ ಶುರು ಮಾಡಿದ್ದ ಲೆಕ್ಕವನ್ನು ಮಧ್ಯಾಹ್ನದ ಮಾಹಿತಿಯಿಂದ ಮತ್ತೆ ಓಡಿಸಿದೆ. ಪರದೆಯ ಮೇಲೆ ಬಿರುಗಾಳಿ ಜಗಳೂರಿನಿಂದ ಹೊರಟು, ದಾರಿಯಲ್ಲಿ ದಕ್ಷಿಣಕ್ಕೆ ವಾಲಿ, ಕೆರೆಬಿಳಚಿಯ ಮೇಲೇ ಹಾದು ನ್ಯಾಮತಿಗೆ ಹೋಯಿತು! ಒಂದೇ ಗಾಳಿಗೆ ಎರಡು ದಾರಿ. ಯಾವುದು ನಿಜ?

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವರ ತೋಟಕ್ಕೆ ಹೋದೆ. ರಾಶಿಯ ಮುಂದೆ ಪೆಚ್ಚಾಗಿ ನಿಂತೆ. ಎತ್ತಿ ಒಟ್ಟಿದ ಮರ ಯಾವ ಕಡೆ ಬಾಗಿ ಮುರಿದಿತ್ತೆಂದು ಯಾರನ್ನು ಕೇಳುವುದು? ಆಗ ಕಾಂಡಗಳಿಗೆ ಒಂದೇ ಬದಿಯಲ್ಲಿ ಬಿಳಿ ಬಳಿದಿರುವುದು ಕಂಡಿತು.

“ಇದೇನ್ರೀ?”

“ಸುಣ್ಣ. ಚಳಿಗಾಲದ ಸಂಜೆ ಬಿಸ್ಲಿಗೆ ಕಾಂಡ ಸೀಳ್ತೈತೆ ಅಂತ ಬಿಸ್ಲು ಬಡಿಯೋ ಕಡೆ ಬಳೀತೀವಿ.”

ಬಿಸಿಲು ಬಡಿಯುವ ಕಡೆ ಅಂದರೆ ನೈರುತ್ಯ! ಪ್ರತಿ ಮರವೂ ತನ್ನ ದಿಕ್ಕನ್ನು ಮೈಮೇಲೆ ಬರೆದುಕೊಂಡಿತ್ತು. ಗಾಳಿಗೆ ಮುರಿದ ಮರದಲ್ಲಿ, ಗಾಳಿ ಬಂದ ಕಡೆ ನಾರು ಕಿತ್ತು ನಿಲ್ಲುತ್ತದೆ, ಬಾಗಿದ ಕಡೆ ಮಡಚಿ ನಜ್ಜಾಗುತ್ತದೆ. ಸೆರಗು ಸಿಕ್ಕಿಸಿಕೊಂಡು ಇಬ್ಬರೂ ಒಂದೊಂದೇ ಕಾಂಡ ಹೊರಳಿಸಿದೆವು. ಮೊದಲನೆಯದರಲ್ಲಿ ಸುಣ್ಣದ ಬದಿ ನಜ್ಜು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ನಾನೇ ಹೊರಳಿಸಿದೆ. ಅದೂ ಅದೇ! ರಾಶಿಯ ತಳ ಕಾಣುವವರೆಗೂ ಅದೇ! ಕಡಿಸಿ ಬೀಳಿಸಿದ್ದರೆ ಇಷ್ಟೂ ಮರ ಒಂದೇ ಬದಿಗೆ ಮಡಚುತ್ತಿರಲಿಲ್ಲ. ಗಾಳಿ ಈಶಾನ್ಯದಿಂದ, ಜಗಳೂರಿನ ಕಡೆಯಿಂದ ಬಂದಿತ್ತು, ನನ್ನ ಎರಡನೇ ಲೆಕ್ಕ ಹೇಳಿದ ಹಾಗೇ. ಸುಣ್ಣದ ಕೈಯಲ್ಲೇ ಅವರನ್ನು ತಬ್ಬಿಕೊಂಡು ಕುಣಿದುಬಿಟ್ಟೆ. “ಸಿಕ್ತು! ಗಾಳಿ ಸಿಕ್ತು!” ನಾನು ತಪ್ಪೆಂದು ಗೊತ್ತಾಗಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಅವರು ಕುಣಿಯಲಿಲ್ಲ. “ನಂಗೆ ಆವತ್ತೇ ಗೊತ್ತಿತ್ತಲ್ಲ ತಂಗಿ. ಗೊತ್ತಾಗಬೇಕಿರೋದು ಡೈರಿ ಮುಂದೆ ನಿಂತೋರಿಗೆ.”

ಆ ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿ ಕಟ್ಟೆ ಹತ್ತಿದೆ. “ನೀವು ಸುಳ್ಳುಬುರುಕಿ ಅಂದವರ ತೋಟಕ್ಕೆ ಆವತ್ತು ಗಾಳಿ ಬಂದಿತ್ತು. ಬಂದಿಲ್ಲ ಅಂತ ತಪ್ಪು ಬರೆದವಳು ನಾನು” ಎಂದೆ. ಸಾಲಿನಲ್ಲಿದ್ದವರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಎಲ್ಲರೂ ಹಿಂದಕ್ಕೆ ತಿರುಗಿದರು. ಸಾಲಿನ ಕೊನೆಯಲ್ಲಿ, ಹಾಲಿನ ಕ್ಯಾನು ಹಿಡಿದುಕೊಂಡು, ಅವರೇ ಬಂದು ನಿಂತಿದ್ದರು.