ಬ್ರೇಕಿಗೆ ಹರಳೆಣ್ಣೆ

ಹರಳೆಣ್ಣೆ ಬಿಸಿಯಾಗುವ ವಾಸನೆ ನಿಮಗೆ ಗೊತ್ತಿರಬಹುದು. ಅದನ್ನು ಒಳ್ಳೆಯ ವಾಸನೆ ಎಂದು ನಾನಂತೂ ಹೇಳಲಾರೆ. ಆದರೆ ನಮ್ಮ ಹುಣಸೂರಿನ ಮನೆಯಲ್ಲಿ ಆಗಾಗ ಅದು ಅಡಿಗೆಮನೆಯಿಂದ ಹೊರಟು ಜಗಲಿಗೆ ಬರುತ್ತದೆ, ಹಿಂದೆಯೇ ಬಟ್ಟಲು ಹಿಡಿದು ನನ್ನ ಹೆಂಡತಿ ಶಿವಮ್ಮ ಬರುತ್ತಾಳೆ. ನನ್ನ ಮೊಣಕಾಲುಗಳು ಈಗ ಪೂರ್ತಿಯಾಗಿ ಆಕೆಯ ಸುಪರ್ದಿನಲ್ಲಿವೆ. ಕಳೆದ ಭಾನುವಾರ ಹೀಗೆ ಕಾಲು ಚಾಚಿ ಕುಳಿತಿದ್ದಾಗ ಮೊಮ್ಮಗ ತನ್ನ ಗೇರ್ ಸೈಕಲ್ಲನ್ನು ಜಗಲಿಗೆ ತಂದು ತಲೆಕೆಳಗಾಗಿ ನಿಲ್ಲಿಸಿ ಕಿರ್ರ್ ಎನ್ನುತ್ತಿದ್ದ ಬ್ರೇಕು ಪರೀಕ್ಷಿಸುತ್ತಿದ್ದ. ಸ್ನೇಹಿತರ ಜೊತೆ ಮಡಿಕೇರಿ ಘಾಟಿ ಹತ್ತುತ್ತಾನಂತೆ. ತಲೆಗೆ ಹೆಲ್ಮೆಟ್ಟು, ಕೈಗೆ ಗವಸು, ಕಣ್ಣಿಗೆ ಕಪ್ಪು ಕನ್ನಡಕ. ಇಷ್ಟೆಲ್ಲ ಸಿದ್ಧತೆ ನೋಡಿದ ಮೇಲೆ ಸುಮ್ಮನಿರುವುದು ಹೇಗೆ? "ಘಾಟಿ ಇಳಿಯೋದು ಅಂದ್ರೆ ಏನು ಅಂತ ನನ್ನ ಕೇಳು" ಎಂದೆ. ಅವನು ಕೇಳಲಿಲ್ಲ. ಆದರೂ ಹೇಳಿದೆ. ಈಗ ನಿಮಗೂ ಹೇಳುತ್ತೇನೆ, ನೀವೂ ಕೇಳಿಲ್ಲ.

ಐವತ್ತರ ದಶಕದ ಮಾತು. ಕೊಡಗು ಇನ್ನೂ ಬೇರೆ ರಾಜ್ಯವಾಗಿತ್ತು. ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ನಮ್ಮವರ ಪಾಲಿಗೆ ಅದು ಪರದೇಶ. ನಮ್ಮಪ್ಪನಿಗೆ ಹುಣಸೂರಿನಲ್ಲಿ ದಿನಸಿ ಅಂಗಡಿ, ನನಗೆ ಒಂದು ಹಸಿರು ಸೈಕಲ್ಲು. ಅಂಗಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸಕ್ಕಿಂತ ಆ ಸೈಕಲ್ಲನ್ನು ಒರೆಸುತ್ತಿದ್ದುದೇ ಹೆಚ್ಚು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಕ್ರಾಪು ಬಾಚಿ, ಬಸ್‌ಸ್ಟ್ಯಾಂಡಿನ ಸುತ್ತ ಸಂಜೆ ಹೊತ್ತು ಗಂಟೆ ಬಾರಿಸುತ್ತ ತಿರುಗುವುದು ನನ್ನ ದಿನಚರಿ. ಯಾರಾದರೂ ನೋಡುತ್ತಿದ್ದರೆ ಇನ್ನೊಂದು ಸುತ್ತು. ನಿಜ ಹೇಳಬೇಕೆಂದರೆ ಕಂಪಲಾಪುರದ ಆಚೆಗೆ ಆ ಸೈಕಲ್ಲಿನಲ್ಲಿ ನಾನು ಹೋಗಿರಲೇ ಇಲ್ಲ.

ಕಂಪಲಾಪುರದಲ್ಲಿ ಇದ್ದವರು ನನ್ನ ಸೋದರಮಾವ ಮಾದಪ್ಪ. ಸುತ್ತಲಿನ ಹಳ್ಳಿಗಳಿಂದ ಹುಣಸೂರಿಗೆ ಹೊಗೆಸೊಪ್ಪು ಹೊಡೆಯುವ ಎತ್ತಿನ ಗಾಡಿ ಅವರದು. ಲೋಕದಲ್ಲಿ ಚಕ್ರ ಇರುವುದೆಲ್ಲ ಅವರಿಗೆ ಗಾಡಿಯೇ, ಸೈಕಲ್ಲು ಎಂದರೆ ಎತ್ತು ಕಟ್ಟಲು ಮರೆತ ಗಾಡಿ. ನನಗೊಂದು ಹೆಣ್ಣು ಹುಡುಕುವ ಭಾರವನ್ನು ಅವರೇ ಹೊತ್ತು, ಸುಂಟಿಕೊಪ್ಪದ ಆಚೆ, ಮಾದಾಪುರದ ಕಡೆ ಇಳಿಯುವ ಕಣಿವೆಯ ಒಂದು ಊರಿನಲ್ಲಿ ಗುರುಸಿದ್ದಪ್ಪನವರ ಮನೆ ಹಿಡಿದಿದ್ದರು. ಊರಿನ ಹೆಸರು ಬೇಡ, ನನ್ನ ಅತ್ತೆಮನೆಯ ಕಡೆಯವರು ಇನ್ನೂ ಅಲ್ಲೇ ಇದ್ದಾರೆ, ಓದುಬರಹ ಬಲ್ಲವರು.

ಆದರೆ ಗುರುಸಿದ್ದಪ್ಪನವರಿಗೆ ಬಯಲುಸೀಮೆಯವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹಿರಿಯ ಮಗಳನ್ನು ನಮ್ಮ ಬಯಲಿನ ಭೇರ್ಯದ ಕಡೆ ಕೊಟ್ಟಿದ್ದರು. ಘಾಟಿ ದೂರ, ಸುಗ್ಗಿ ಬಂತು, ಎಮ್ಮೆ ಕರು ಹಾಕಿದೆ ಎಂದು ಅಳಿಯ ಪ್ರತಿ ಹಬ್ಬಕ್ಕೂ ಒಂದೊಂದು ನೆಪ ಹೇಳಿ, ಕೊನೆಗೆ ಆ ಹೆಣ್ಣುಮಗಳು ತವರಿಗೆ ಬರುವುದೇ ನಿಂತುಹೋಗಿತ್ತು. ಕಿರಿಯವಳನ್ನು ಘಾಟಿಯ ಕೆಳಗೆ ಕೊಡುವ ಮಾತೇ ಇಲ್ಲ ಎಂದರು. ಆಗ ನಮ್ಮ ಮಾವ, "ನಮ್ಮುಡ್ಗ ಅಂಗಲ್ಲ ಬುಡಿ ಯಜಮಾನ್ರೆ. ಸೈಕಲ್ ಮಡಗವ್ನೆ. ನಿಮ್ಮ ಘಾಟಿ ಅವ್ನಿಗೆ ನಮ್ಮೂರ ಕೆರೆ ಏರಿ ಇದ್ದಂಗೆ" ಎಂದುಬಿಟ್ಟರು. ಗುರುಸಿದ್ದಪ್ಪನವರು ಆ ಮಾತನ್ನು ಹಾಗೇ ಹಿಡಿದುಕೊಂಡರು. "ಹಂಗಾದ್ರೆ ಸೈಕಲ್ಲಲ್ಲೇ ಬರ್ಲಿ. ಘಾಟಿ ಇಳಿದು ನಮ್ಮ ಬಾಗ್ಲಿಗೆ ಸವಾರಿ ಮಾಡ್ಕೊಂಡು ಬಂದ್ರೆ ಹೆಣ್ಣು ತೋರಿಸ್ತೀವಿ. ತಳ್ಕೊಂಡು ಬರೋದಾದ್ರೆ ಅಲ್ಲಿಂದ್ಲೇ ತಿರುಗಿಸ್ಕೊಂಡು ಹೋಗ್ಲಿ."

ಹೊರಡುವ ಹಿಂದಿನ ಸಂಜೆ ಕಂಪಲಾಪುರದಲ್ಲಿ ಮಾವನ ಮನೆಯಲ್ಲಿ ತಂಗಿದೆ. ನಮ್ಮ ಕಡೆ ಹೆಣ್ಣು ನೋಡಲು ಹೋಗುವ ಗಾಡಿ ಕಿರುಗುಟ್ಟಬಾರದು. ಕಿರುಗುಟ್ಟಿದರೆ ಗಂಡಿನ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲ ಎಂದು ಆಡಿಕೊಳ್ಳುತ್ತಾರೆ. ಅದಕ್ಕೇ ಗಾಡಿಯವರು ಹಿಂದಿನ ದಿನವೇ ಅಚ್ಚಿಗೆ ಧಾರಾಳವಾಗಿ ಹರಳೆಣ್ಣೆ ಬಿಡುತ್ತಾರೆ. ನಾನು ಕನ್ನಡಿಯ ಮುಂದೆ ಕ್ರಾಪಿನ ಚಿಂತೆಯಲ್ಲಿದ್ದಾಗ ಮಾವ ಗಾಡಿಯ ಅಡಿ ನೇತಾಡುವ ಎಣ್ಣೆಯ ಬಿದಿರಿನ ಗೊಟ್ಟ ಬಿಚ್ಚಿಕೊಂಡು ನನ್ನ ಸೈಕಲ್ಲಿದ್ದ ಹಿತ್ತಲಿಗೆ ಹೋದದ್ದನ್ನು ಕಂಡೆ. ನಮ್ಮ ಮಾವನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಮಲಗಿದೆ.

ಬೆಳಗಿನ ಜಾವ ಹೊರಟೆವು. ನಾನು ಸೀಟಿನ ಮೇಲೆ, ಮಾವ ಹಿಂದೆ ಕ್ಯಾರಿಯರ್ ಮೇಲೆ, ಸೊಂಟದಲ್ಲಿ ಎಲೆಅಡಿಕೆ ಚೀಲ. ಆಗ ಇಬ್ಬರು ಕೂತು ಸೈಕಲ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ಪಿರಿಯಾಪಟ್ಟಣ ಬಂದಾಗ ಮಾವ ಇಳಿದು, ನನ್ನನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ಅಂಗಡಿಗಳ ಕಡೆ ಮುಖ ಮಾಡಿಕೊಂಡು ನಡೆದು, ಊರಾಚೆ ಮತ್ತೆ ಹತ್ತಿಕೊಂಡರು. ಅದಕ್ಕೂ ಮೊದಲು ಒಂದು ಮೇಕೆ ಅಡ್ಡ ಬಂದಿತ್ತು. ಬ್ರೇಕು ಹಿಡಿದರೂ ಸೈಕಲ್ಲು ನಿಲ್ಲಲಿಲ್ಲ, ಮೇಕೆಯೇ ಹಿಂದೆ ಸರಿದು ದಾರಿ ಬಿಟ್ಟಿತು. ಮಾವನ ಭಾರಕ್ಕೆ ಹೀಗಾಯಿತು ಎಂದುಕೊಂಡೆ. ಸಪಾಟು ರಸ್ತೆಯಲ್ಲಿ ಬ್ರೇಕಿನ ಯೋಚನೆ ಯಾರು ಮಾಡುತ್ತಾರೆ ಹೇಳಿ.

ಹೊಳೆ ದಾಟಿದ ಮೇಲೆ ಏರು. ಮೊದಲನೆಯ ಏರಿನಲ್ಲಿ ಮಾವ ಇಳಿದರು, ಎರಡನೆಯದರಲ್ಲಿ ನಾನೂ ಇಳಿದೆ. ಆಮೇಲೆ ಹತ್ತಿದ್ದು ಸೈಕಲ್ಲೊಂದೇ, ಅದೂ ನಮ್ಮಿಬ್ಬರ ಭುಜದ ದಯೆಯಿಂದ. ಎರಡೂ ಕಡೆ ಕಾಫಿ ತೋಟ, ಮರದ ಮೇಲೆ ಮೆಣಸಿನ ಬಳ್ಳಿ, ಬಿಸಿಲಲ್ಲೂ ತಣ್ಣನೆಯ ಗಾಳಿ. ಒಂದು ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದರೆ ನಮ್ಮ ಬಯಲೆಲ್ಲ ದೂರದಲ್ಲಿ ಬಿಳಿಚಿಕೊಂಡು ಮಲಗಿತ್ತು. ನನಗೆ ಮನೆ ನೆನಪಾಗಿ, ಹುಣಸೂರು ಯಾವ ಕಡೆ ಎಂದು ಹುಡುಕತೊಡಗಿದೆ. ಈ ದಾರಿಯಲ್ಲಿ ಒಬ್ಬ ಹುಡುಗಿಯನ್ನು ಅತ್ತ ಕರೆದುಕೊಂಡು ಹೋದರೆ ಅವಳಿಗೂ ಇಲ್ಲಿ ಹೀಗೇ ಆಗಬಹುದು ಎಂದು ಒಂದು ಕ್ಷಣ ಅನ್ನಿಸಿತು. ಅಂಥ ಗಂಭೀರ ವಿಚಾರ ನನ್ನ ತಲೆಗೆ ಬರುವುದು ಅಪರೂಪ, ಹಾಗಾಗಿ ಇವತ್ತಿಗೂ ನೆನಪಿದೆ.

ಸುಂಟಿಕೊಪ್ಪ ದಾಟಿ ಇಳಿಜಾರು ಶುರುವಾಯಿತು. ಮಾವ ಹತ್ತಿಕೊಂಡರು, ನಾನು ಕಾಲರ್ ಸರಿಮಾಡಿಕೊಂಡೆ. ಮೊದಲ ತಿರುವಿನಲ್ಲಿ ಬ್ರೇಕು ಹಿಡಿದೆ. ರಬ್ಬರು ರಿಮ್ಮಿನ ಮೇಲೆ ಬೆಣ್ಣೆಯ ಹಾಗೆ ಜಾರಿತು. ಎರಡೂ ಕೈಯಲ್ಲಿ ಹಿಡಿದೆ, ಸೈಕಲ್ಲಿಗೆ ಇನ್ನಷ್ಟು ಹುರುಪು ಬಂತು. "ಬೋ ಚೆಂದಾಗಿ ಓಯ್ತಾ ಅದೆ ಕಣ್ಲಾ" ಎಂದು ಮಾವ ಹಿಂದಿನಿಂದ ಮೆಚ್ಚಿಕೊಂಡರು. ಮುಂದಿನ ತಿರುವಿನಲ್ಲಿ ಕಣಿವೆಯೋ ಲಂಟಾನದ ಪೊದೆಯೋ ಎಂದು ಆರಿಸಿಕೊಳ್ಳಬೇಕಾಗಿ ಬಂದಾಗ ಪೊದೆಯನ್ನೇ ಆರಿಸಿಕೊಂಡೆ.

ಎದ್ದು ನೋಡಿದರೆ ರಿಮ್ಮು, ಬ್ರೇಕಿನ ರಬ್ಬರು ಎಲ್ಲ ಹರಳೆಣ್ಣೆಯಲ್ಲಿ ಮಿಂದು ಮಿರಿಮಿರಿ ಎನ್ನುತ್ತಿದ್ದವು. "ಮಾವ, ಇಲ್ಲಿಗ್ಯಾಕೆ ಎಣ್ಣೆ ಹಾಕಿದ್ರಿ?"

"ಅಲ್ಲೇ ಕಣ್ಲಾ ಉಜ್ತಾ ಇದ್ದುದ್ದು. ಕಿರ್ರ್ ಅಂತಿತ್ತು. ಉಜ್ಜೋ ಜಾಗಕ್ಕೆ ಎಣ್ಣೆ ಆಕ್ದೆ ಇನ್ನೆಲ್ಲಿಗೆ ಆಕವಾ?"

ಮಣ್ಣು ಹಾಕಿ ತಿಕ್ಕಿದೆವು, ಎಲೆಯಲ್ಲಿ ಒರೆಸಿದೆವು, ಎಣ್ಣೆ ಬಿಡಲಿಲ್ಲ. ತಳ್ಳಿಕೊಂಡು ಹೋದರೆ ಸಂಬಂಧ ಹೋಯಿತು, ಕೂತುಕೊಂಡು ಹೋದರೆ ನಾನೇ ಹೋದೆ. ಮಾವ ಸ್ವಲ್ಪ ಹೊತ್ತು ಎಲೆ ಮೆದ್ದರು. ಭಾರದ ಗಾಡಿ ಇಳಿಜಾರು ಇಳಿಯುವಾಗ ಹಿಂದೆ ಒಂದು ಮರದ ದಿಮ್ಮಿ ಕಟ್ಟಿ ಎಳೆಸುತ್ತಾರಲ್ಲ, ಹಾಗೆ ಸೈಕಲ್ಲಿಗೂ ಒಂದು ಕೊಂಬೆ ಕಟ್ಟೋಣ ಎಂದರು. ಆದರೆ ಕಡಿಯಲು ಕತ್ತಿ ಇರಲಿಲ್ಲ.

ಮೇಲಿನ ತೋಟದಲ್ಲಿ ಯಾರೋ ಹುಡುಗಿ ಕಾಫಿ ಹಣ್ಣು ಬಿಡಿಸುತ್ತ ನಿಂತಿದ್ದಳು. ತಲೆ, ಮೂಗು, ಬಾಯಿ ಎಲ್ಲ ಸೇರಿಸಿ ಬಟ್ಟೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಕತ್ತಿ ಕೇಳಿದೆವು. ಎಲ್ಲಿಗೆ ಹೊರಟದ್ದು ಎಂದಳು. ಮಾವ ಸಕಲ ವೃತ್ತಾಂತವನ್ನೂ ಒಪ್ಪಿಸಿದರು.

"ಓ, ಗುರುಸಿದ್ದಪ್ಪನೋರ ಮಗಳಿಗಾ?" ಎಂದಳು ಆಕೆ. "ಅವಳಿಗೆ ಬಲೇ ಬಾಯಿ ಕಣಣ್ಣ."

"ಬಾಯಿದ್ರೆ ಇರ್ಲಿ ಬುಡವ್ವ, ನಮ್ಮುಡ್ಗುಂಗೆ ಅದೇ ಇಲ್ಲ" ಎಂದರು ಮಾವ.

ಆಕೆ ನನ್ನ ಕಡೆ ತಿರುಗಿದಳು. "ಹೆಣ್ಣು ಕೊಟ್ರೆ ತಿರುಗಿ ತವರಿಗೆ ಕರ್ಕೊಂಡು ಬರ್ತೀರಾ ಈ ಘಾಟೀಲಿ?"

ಮೈಯೆಲ್ಲ ಮುಳ್ಳು ಚುಚ್ಚಿತ್ತು, ಪ್ಯಾಂಟು ಹರಿದಿತ್ತು, ರೇಗಿ ಹೋಗಿದ್ದೆ. "ಆ ಯಜಮಾನ್ರಿಗೆ ಬುದ್ಧಿ ಇಲ್ಲ. ಸೈಕಲ್ಲಲ್ಲಿ ಬಂದ್ರೆ ಮಗಳನ್ನ ಕರ್ಕೊಂಡು ಬರ್ತಾನೆ ಅಂತ ಯಾರು ಹೇಳಿದ್ರು? ಈ ಹಾಳು ಸೈಕಲ್ಲಲ್ಲಂತೂ ನಾನಿನ್ನು ಬರಲ್ಲ. ಬಸ್ಸಿದ್ರೆ ಬಸ್ಸು, ಇಲ್ದಿದ್ರೆ ನಡ್ಕೊಂಡಾದ್ರೂ ಕರ್ಕೊಂಡು ಬರ್ತೀನಿ" ಎಂದೆ. ಆಕೆ ಕತ್ತಿ ಕೊಟ್ಟು, ಯಾವ ಮರ ಎಂದು ಬೆರಳು ಮಾಡಿ ತೋರಿಸಿ, ಕತ್ತಿ ವಾಪಸ್ ಈಸಿಕೊಂಡು ತೋಟದೊಳಗೆ ಮರೆಯಾದಳು.

ಉಳಿದ ಇಳಿಜಾರನ್ನು ನಾನು ಸವಾರಿ ಮಾಡಿಕೊಂಡೇ ಇಳಿದೆ. ಹಿಂದೆ ಕಾಡುಬಳ್ಳಿಯಲ್ಲಿ ಕಟ್ಟಿದ ದೊಡ್ಡ ಕೊಂಬೆ, ಕೊಂಬೆಯ ತುದಿ ಹಿಡಿದು ಜಗ್ಗುತ್ತ, ಅಭ್ಯಾಸಬಲದಿಂದ "ಹೋ, ಹೋ" ಎಂದು ನನ್ನನ್ನು ಸಮಾಧಾನಪಡಿಸುತ್ತ ಓಡಿಬರುತ್ತಿದ್ದ ಮಾವ, ಅವರ ಹಿಂದೆ ಮುಗಿಲೆತ್ತರ ಧೂಳು. ಬಾಗಿಲಲ್ಲಿ ಮನೆಯವರೆಲ್ಲ ನಿಂತಿದ್ದರು. ಗುರುಸಿದ್ದಪ್ಪನವರು ನನ್ನನ್ನು ಬಿಟ್ಟು ಕೊಂಬೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದು ನಮ್ಮ ತೋಟದ ಹಾಲುವಾಣದ ಮರದ್ದಲ್ವಾ?"

"ದಾರೀಲಿ ಬಿದ್ದಿತ್ತು ಯಜಮಾನ್ರೆ" ಎಂದರು ಮಾವ.

"ಕತ್ತಿ ಗುರುತು ಇನ್ನೂ ಹಸಿಯಾಗಿದೆ. ಹೆಣ್ಣು ನೋಡೋದಕ್ಕೆ ಮುಂಚೆ ತೋಟದಿಂದ ಶುರು ಮಾಡಿದ್ದೀರಿ." ಅವರು ನಗಲಿಲ್ಲ. ಮಾವ ದಾರಿ ಕಾಣದೆ ಹರಳೆಣ್ಣೆಯ ವಿಷಯ ಬಾಯಿಬಿಟ್ಟರು. ಅವರೂ ಗಾಡಿ ಇಟ್ಟವರು, ಕೇಳುತ್ತ ಕೇಳುತ್ತ ಅವರ ಮೀಸೆಯ ತುದಿ ಅಲ್ಲಾಡಿತು. ಒಳಗೆ ಕರೆದರು.

ಆ ಕಾಲದಲ್ಲಿ ಗಂಡು ಹೆಣ್ಣನ್ನು ನೋಡುವುದು ಎಂದರೆ ಹೆಣ್ಣಿನ ಕಾಲ್ಬೆರಳನ್ನೂ ಕಾಫಿಯ ಲೋಟವನ್ನೂ ನೋಡುವುದು. ಎರಡೂ ಚೆನ್ನಾಗಿದ್ದವು. ಗುರುಸಿದ್ದಪ್ಪನವರು ಒಳಗೆ ಹೋಗಿ ಬಂದು, "ಹುಡುಗಿ ಒಪ್ಪಿದ್ದಾಳೆ" ಎಂದರು. ಇದು ನನ್ನ ಸವಾರಿಯ ಪ್ರತಾಪ ಎಂದು ಆವತ್ತಿನಿಂದ ನಂಬಿಕೊಂಡು ಬಂದೆ.

ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಗುರುಸಿದ್ದಪ್ಪನವರಿಗೆ ಬುದ್ಧಿ ಇಲ್ಲ ಎಂದದ್ದನ್ನು ಅವರ ಮಗಳ ಮುಂದೆ ಹೇಳುವುದು ಹೇಗೆ? ಅದಕ್ಕೇ ತೋಟದ ಹುಡುಗಿಯನ್ನು ಯಾವಾಗಲೂ ಕೈಬಿಡುತ್ತಿದ್ದೆ. ಭಾನುವಾರವೂ ಬಿಟ್ಟೇ ಹೇಳಿದೆ. ಆದರೆ ಮೊಮ್ಮಗ ಬ್ರೇಕಿನಿಂದ ತಲೆ ಎತ್ತಿ, "ತಾತ, ಕತ್ತಿ ಎಲ್ಲಿಂದ ಬಂತು?" ಎಂದ.

"ಮಾವನ ಸೊಂಟದಲ್ಲಿತ್ತು" ಎಂದೆ.

ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಶಿವಮ್ಮ ಕೈ ನಿಲ್ಲಿಸದೆ ಹೇಳಿದಳು: "ಸೊಂಟದಲ್ಲಿದ್ದುದ್ದು ಎಲೆಅಡಿಕೆ ಚೀಲ. ಕತ್ತಿ ಕೊಟ್ಟೋಳು ನಾನು."

ಮೊಮ್ಮಗ ನಗಲು ಶುರುಮಾಡಿದ. "ಬರೋ ಗಂಡು ಎಂಥೋನು ಅಂತ ಎಲ್ಲಾರ್ಗಿಂತ ಮುಂಚೆ ನಾನು ನೋಡ್ಬೇಕು ಅಂತ ಆಳಿನೋರ ಬಟ್ಟೆ ಸುತ್ಕೊಂಡು ತೋಟಕ್ಕೆ ಓಡಿದ್ದೆ" ಎಂದಳು. "ಬಲೇ ಬಾಯಿ ಅಂತ ಮೊದ್ಲೇ ಹೇಳಿದ್ನಲ್ಲ, ನೀವು ನಂಬಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಎಲ್ಲಿ ತನಕ ಬಿಡ್ತೀರೋ ನೋಡೋಣ ಅಂತ ಸುಮ್ನಿದ್ದೆ ಕಣ್ರೀ." ಸ್ವಲ್ಪ ಹೊತ್ತು ಎಣ್ಣೆ ತಿಕ್ಕಿದಳು. ಆಮೇಲೆ ತಲೆ ಎತ್ತದೆ, "ನಡ್ಕೊಂಡಾದ್ರೂ ಅಂದಿದ್ರಿ" ಎಂದಳು.

ಪ್ರತಿ ಗೌರಿ ಹಬ್ಬಕ್ಕೂ ನಾನು ಅವಳನ್ನು ಬಸ್ಸಿನಲ್ಲಿ ತವರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅದು ನನ್ನ ಹೆಮ್ಮೆಯಾಗಿತ್ತು. ಆದರೆ ಈಚಿನ ಕೆಲವು ವರ್ಷ ಮೊಣಕಾಲು, ಬಸ್ಸಿನ ಮೆಟ್ಟಿಲು ಎತ್ತರ, ಆ ಕಡೆ ಚಳಿ, ಬರೋ ವರ್ಷ ನೋಡೋಣ ಎಂದು ಮುಂದೂಡುತ್ತ ಬಂದಿದ್ದೇನೆ. ಆ ಭೇರ್ಯದ ಅಳಿಯನಿಗಾದರೂ ನೆಪಕ್ಕೆ ಒಂದು ಎಮ್ಮೆ ಇತ್ತು. ಅವಳು ಒಂದು ಸಲವೂ ಒತ್ತಾಯ ಮಾಡಿರಲಿಲ್ಲ. ಆ ಘಾಟಿಯ ತಿರುವಿನಲ್ಲಿ ನಾನು ನಮ್ಮೂರಿನ ದಿಕ್ಕು ಹುಡುಕುತ್ತ ನಿಂತದ್ದು ನೆನಪಾಗಿ, ನನ್ನ ಮೇಲೇ ನಾಚಿಕೆಯಾಯಿತು.

"ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ವಿಚಾರಿಸೋ" ಎಂದು ಮೊಮ್ಮಗನಿಗೆ ಹೇಳಿದೆ. ಅವನು ಸೈಕಲ್ಲನ್ನು ಹಾಗೇ ಬಿಟ್ಟು ಎದ್ದ. "ಇನ್ನೊಂದು ಸ್ವಲ್ಪ ಎಣ್ಣೆ ಹಾಕು, ಮೆಟ್ಟಿಲು ಹತ್ತಬೇಕು" ಎಂದು ಶಿವಮ್ಮನಿಗೆ ಹೇಳಿದೆ.

ಅವಳು ಬಟ್ಟಲಿನಲ್ಲಿದ್ದುದನ್ನೆಲ್ಲ ನನ್ನ ಮೊಣಕಾಲಿಗೆ ಸುರಿದಳು. ಕೈಯಲ್ಲಿ ಉಳಿದ ಜಿಡ್ಡನ್ನು ನೋಡಿಕೊಂಡು, ತಲೆಕೆಳಗಾಗಿ ನಿಂತಿದ್ದ ಸೈಕಲ್ಲಿನ ಕಡೆ ಒಮ್ಮೆ ತಿರುಗಿ, "ಅದೂ ಕಿರ್ರ್ ಅಂತಿತ್ತು ಅಲ್ವಾ?" ಎಂದಳು.