ಸೇಬಿಗೆ ಎಟುಕದ ತೋಳು

ನನ್ನ ಹೆಂಡತಿ ಇಂಗ್ಲೆಂಡಿನ ಕಾದಂಬರಿ ಬರೆಯಲು ಕುಳಿತದ್ದು ಲಾಕ್‌ಡೌನ್ ಕಾಲದಲ್ಲಿ. ಇನ್ನೂರು ವರ್ಷದ ಹಿಂದೆ ಅಲ್ಲಿನ ರಾಜನಿಗೆ ಬುದ್ಧಿ ಕೆಟ್ಟು, ಮಗ ಆಡಳಿತ ನೋಡಿಕೊಂಡನಂತೆ. ಅದಕ್ಕೆ ರೀಜೆನ್ಸಿ ಕಾಲ ಎನ್ನುತ್ತಾರಂತೆ. ಈ ‘ಅಂತೆ’ಗಳು ನನಗೆ ಬಂದದ್ದು ಅವಳಿಂದ, ಅವಳಿಗೆ ಬಂದದ್ದು ಇಲ್ಲೇ ಅಮೆರಿಕದ ಇನ್ನೊಂದು ಊರು ರಾಕ್‌ವಿಲ್‌ನ ಡಾಕ್ಟರಿಂದ.

ಡಾಕ್ಟರು ಮೈಸೂರಿನವರು, ರಿಟೈರ್ ಆದವರು, ಮನೆ ತುಂಬ ಇತಿಹಾಸದ ಪುಸ್ತಕಗಳು. ಕನ್ನಡದವರ ಜೂಮ್ ಮೀಟಿಂಗಿನಲ್ಲಿ ಪರಿಚಯ. ಪ್ರತಿ ಶನಿವಾರ ಬೆಳಿಗ್ಗೆ ಅವಳು ಫೋನ್ ಮಾಡಿ, ಆಗ ರಾತ್ರಿಯೂಟ ಎಷ್ಟು ಗಂಟೆಗೆ, ಹುಡುಗಿ ಒಬ್ಬಳೇ ಪೇಟೆಗೆ ಹೋಗಬಹುದಿತ್ತೇ ಎಂದೆಲ್ಲ ಕೇಳಿ ಬರೆದುಕೊಳ್ಳುವಳು.

“ಅಂಕಲ್‌ಗೆ ಗೊತ್ತಿಲ್ಲದ್ದೇ ಇಲ್ಲ ರೀ,” ಎನ್ನುವಳು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತವನು ನಾನು. ಅಮೆರಿಕಕ್ಕೆ ಬಂದು ಈ ನಾರ್‌ಕ್ರಾಸ್ ಊರಲ್ಲಿ ಸ್ವಂತ ಅಂಗಡಿ ಹಾಕಿದ್ದೇನೆ; ಮೂರು ಊರು ದಾಟಿ ಬ್ಲೌಸ್ ಹೊಲಿಸಲು ಬರುತ್ತಾರೆ. ಆದರೆ ಆ ಶನಿವಾರಗಳಲ್ಲಿ ಅವಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಕಾಫಿ ಬೇಕಾ? ಎಪ್ಪತ್ತೈದು ದಾಟಿದ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲೂ ನಾಚಿಕೆ.

ಒಂದು ದಿನ ಅವಳು ಓದಿ ಹೇಳಿದಳು: ನಾಯಕಿ ಕೈಯೆತ್ತಿ ಎತ್ತರದ ಕೊಂಬೆಯಿಂದ ಸೇಬು ಕಿತ್ತು ನಾಯಕನಿಗೆ ಕೊಡುತ್ತಾಳೆ. ನಾಯಕಿ ತೊಡುವ ಗೌನು ಎಂದು ಡಾಕ್ಟರು ಕಳಿಸಿದ ಚಿತ್ರವನ್ನೂ ತೋರಿಸಿದಳು. ಬೆನ್ನಿನ ಭಾಗ ಕಿರಿದು; ತೋಳನ್ನು ಭುಜದಿಂದ ಹಿಂದಕ್ಕೆಳೆದು ಹೊಲಿದಿದ್ದರು.

“ಈ ಗೌನಲ್ಲಿ ಇವಳಿಗೆ ಕೈ ಎತ್ತಕ್ಕಾಗಲ್ಲ ಕಣೇ.”

“ಅಂಕಲ್ ಓದಿ ಓಕೆ ಅಂದ್ರಲ್ಲ. ನಲವತ್ತು ವರ್ಷದಿಂದ ಓದ್ತಿದಾರೆ.”

“ನಾನು ಮೂವತ್ತು ವರ್ಷದಿಂದ ಹೊಲೀತಿದೀನಿ.”

ಮೂರು ಸಂಜೆ ಕೂತು ಹಳೆಯ ಬೆಡ್‌ಶೀಟಿನಲ್ಲಿ ಆ ಗೌನು ಹೊಲಿದೆ. ಅವಳು ತೊಟ್ಟು ಸಲೀಸಾಗಿ ಕೈಯೆತ್ತಿ ಅಡುಗೆಮನೆಯ ಮೇಲಿನ ಶೆಲ್ಫ್ ಮುಟ್ಟಿದಳು. ನಕ್ಕಳು. ಆ ನಗು ನನಗೆ ರಾಕ್‌ವಿಲ್‌ನಿಂದ ಬಂದಂತೆ ಕೇಳಿಸಿತು. ಆಮೇಲೆ ನೋಡಿದರೆ ತಪ್ಪು ನನ್ನದೇ. ಗಿರಾಕಿಗೆ ಬಿಗಿಯಾಗಬಾರದೆಂದು ನನ್ನ ಕೈ ತನ್ನ ರೂಢಿಯಂತೆ ಕಂಕುಳಲ್ಲಿ ಸಡಿಲ ಬಿಟ್ಟು, ತೋಳನ್ನು ನಮ್ಮ ಬ್ಲೌಸಿನ ಜಾಗದಲ್ಲೇ ಕೂರಿಸಿತ್ತು. ಎಲ್ಲ ಬಿಚ್ಚಿ, ಚಿತ್ರದಲ್ಲಿದ್ದ ಹಾಗೆಯೇ ಹೊಲಿದೆ.

ಈ ಸಲ ಅವಳ ಕೈ ಭುಜದ ಮಟ್ಟಕ್ಕೇ ನಿಂತಿತು. ಇನ್ನೂ ಎತ್ತಿದಾಗ ಹೊಲಿಗೆ ಚರ್ ಎಂದಿತು.

“ಸೇಬು ಸಿಗಲ್ಲ ರೀ,” ಎಂದಳು. ತಕ್ಷಣ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, “ಆ ಗೌನಲ್ಲಿ ಕೈ ಎತ್ತಕ್ಕಾಗಲ್ಲ, ನಮ್ಮನೆಯವರು ಕಂಡುಹಿಡಿದ್ರು ಅಂಕಲ್,” ಎಂದಳು.

“ಹೌದಾ? ಯಾವ ಪುಸ್ತಕದಲ್ಲಿ ಸಿಕ್ತು?”

“ಪುಸ್ತಕದಲ್ಲಲ್ಲ ಸರ್, ಕಂಕುಳಲ್ಲಿ,” ಎಂದೆ.

ಅವರು ಕೆಮ್ಮು ಬರುವಷ್ಟು ನಕ್ಕರು. “ನಾನು ಬರೀ ಓದಿದೋನು. ನಿಮ್ಮಿಂದ ಕಲಿಯೋದು ಬಹಳ ಇದೆ ಕಣ್ರಿ.” ಸೋಲನ್ನೂ ಇಷ್ಟು ಚೆನ್ನಾಗಿ ಒಪ್ಪಿಕೊಳ್ಳಬಲ್ಲರಲ್ಲ ಎಂದು ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಮುಂದಿನ ಶನಿವಾರ ಅವಳು ಫೋನ್ ಬಿಟ್ಟು ನೇರ ನನ್ನ ಬಳಿಗೇ ಬಂದಳು.

“ರೀ, ಆ ಕಾಲದ ಗಂಡಸ್ರು ಕೋಟಲ್ಲಿ ಕಾಗದ ಎಲ್ಲಿ ಇಟ್ಕೋತಿದ್ರು? ಒಳಜೇಬು ಇತ್ತಾ?”

ಇಂಥ ಒಂದು ಪ್ರಶ್ನೆಗೆ ಎಷ್ಟು ತಿಂಗಳು ಕಾದಿದ್ದೆ. ಉತ್ತರ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು, ಹುಡುಕೋಣ ಎನ್ನಬಹುದಿತ್ತು.

“ನಿಮ್ಮ ಅಂಕಲ್‌ನೇ ಕೇಳು,” ಎಂದೆ.

ಒಂದು ಕ್ಷಣ ನನ್ನ ಮುಖ ನೋಡಿ ಅವಳು ಫೋನ್ ಎತ್ತಿಕೊಂಡು ಒಳಕೋಣೆಗೆ ಹೋದಳು. ನಾನು ಮಷಿನ್ ನಿಲ್ಲಿಸಿ, ಆ ಕಡೆ ಕಿವಿ ಕೊಟ್ಟು ಕೂತೆ.