ದಯಣ್ಣನ ನಾಲ್ಕು ಸೂತು

ಬೆಳಗಿನ ಒಂಬತ್ತು ಗಂಟೆಗೆ ಡೊಂಬಿವಲಿಯಿಂದ ಹೊರಟು, ರಸ್ತೆಯ ಮೇಲೆಯೇ, ಕಾರಿನಲ್ಲಿ, ಒಂಬತ್ತು ನಿಮಿಷದಲ್ಲಿ ಠಾಣೆ ಮುಟ್ಟಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ. ಅವನು ಈ ಲೇಖಕ. ನಡುದಾರಿಯ ಶೀಳ್ ಫಾಟಾ ಕೂಡುರಸ್ತೆಯಲ್ಲಿ ಕಂಟೇನರ್ ಲಾರಿಗಳು ಎರಡೂ ಬದಿಗೆ ಸರಿದು ದಾರಿ ಬಿಟ್ಟವು. ಟ್ರಾಫಿಕ್ ಹವಾಲ್ದಾರ ದಂಡ ಹಾಕುವುದನ್ನು ಮರೆತು ಕೈಮುಗಿದ. ಆ ಕಾರಿನ ಎದೆಗೂಡಿನಲ್ಲಿ ಹೊಸ ಗುಂಡಿಗೆ ಕೂರಿಸಿದವರು, ಕಲ್ಯಾಣದಿಂದ ನವಿ ಮುಂಬಯಿವರೆಗಿನ ಮೋಟಾರು ಲೋಕದಲ್ಲಿ ಸಾಟಿಯಿಲ್ಲದವರು, ನಲವತ್ತೊಂದು ವರ್ಷ ಪಾನಾ, ಅಂದರೆ ಸ್ಪ್ಯಾನರು, ಹಿಡಿದು ಈ ತಿಂಗಳು ಅದನ್ನು ಕೆಳಗಿಡುತ್ತಿರುವವರು, ನಮ್ಮ ಪ್ರೀತಿಯ ದಯಣ್ಣ, ಶ್ರೀ ದಯಾನಂದ ಕರ್ಕೇರರು.

ಈ ಅಭಿನಂದನ ಗ್ರಂಥದಲ್ಲಿ ಸಿಟ್ಟು ಬೇಡವೆಂದು ನಮ್ಮ ಕನ್ನಡ ಸಂಘದ ಅಧ್ಯಕ್ಷ ಪ್ರೇಮನಾಥರು ಸೂಚಿಸಿದ್ದಾರೆ. ಕ್ಷಮಿಸಬೇಕು. ಈ ಸಿಟ್ಟು ಆರು ವರ್ಷದಿಂದ ಕುದಿಯುತ್ತಿದೆ. ಇದೇ ಸಂಘದ ಜಗಲಿಯಲ್ಲಿ ಚಹಾ ಹೀರುತ್ತ "ದಯಾನಂದನ ಕೈ ಹೋಯ್ತು" ಎಂದು ಷರಾ ಬರೆದವರೇ ಇಂದು ಶಾಲು ಮಡಚಿಕೊಂಡು ವೇದಿಕೆಯ ಪಕ್ಕ ಕಾದಿದ್ದಾರೆ. ಅವರ ಹೆಸರುಗಳನ್ನು ಬರೆಯಹೊರಟರೆ ಗ್ರಂಥ ಎರಡು ಸಂಪುಟವಾದೀತು.

ಕಾಪುವಿನಿಂದ ಬಂದ ದಯಣ್ಣ ಮೊದಲು ಸೇರಿದ್ದು ಠಾಣೆಯ ಒಂದು ಹೋಟೆಲಿಗೆ. ಹೋಟೆಲಿನ ತರಕಾರಿ ಟೆಂಪೊ ನಾಲ್ಕು ರಸ್ತೆ ಕೂಡುವ ನಾಕಾದಲ್ಲಿ ಕೆಟ್ಟು ನಿಂತ ದಿನ, ದೋಸೆ ಮಗುಚುವ ಕೈಯಲ್ಲೇ ಅದರ ಇಂಜಿನ್ ಬಿಚ್ಚಿ ಓಡಿಸಿದರು. ಮತ್ತೆ ಅಡಿಗೆಮನೆಗೆ ಮರಳಲಿಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಸ್ವಂತ ಗ್ಯಾರೇಜು ಹಾಕಿದ ಮೇಲೂ ಅವರ ಅಳತೆ ಮುಂಬಯಿಯ ಹಳೆಯ ಫಿಟ್ಟರುಗಳ ಸೂತಿನಲ್ಲಿಯೇ ಉಳಿಯಿತು: ಇಂಚಿಗೆ ಎಂಟು ಸೂತು. ಸಿಟ್ಟಿನ ಅಳತೆ ಮಾತ್ರ ಯಾರಿಗೂ ಸಿಗಲಿಲ್ಲ.

ಆ ಸಿಟ್ಟಿನೊಳಗಿನ ಮಮತೆಯನ್ನು ಈ ಲೇಖಕ ಉಂಡಿದ್ದಾನೆ. ಅವರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಲೋಕಲ್ ರೈಲು ಹತ್ತಲಾಗದೆ ದಿನವೂ ತಡವಾಗುತ್ತಿತ್ತು. "ಎಂತ ಮಾರಾಯ, ಗಡಿಯಾರವನ್ನು ದಿವಾದಲ್ಲೇ ಬಿಟ್ಟು ಬಂದಿಯಾ?" ಎಂದು ದಯಣ್ಣ ಇಡೀ ಗ್ಯಾರೇಜು ನಡುಗುವಂತೆ ಗದರಿದರು. ಮರುದಿನ ಎಲ್ಲರಿಗೂ ಕೆಲಸದ ಹೊತ್ತನ್ನು ಅರ್ಧ ಗಂಟೆ ಮುಂದೆ ಹಾಕಿದರು. ಕಾರಣ ಕೇಳಿದವರಿಗೆ, "ನನಗೆ ಬೆಳಿಗ್ಗೆ ಸೊಂಟ ನೋವು" ಎಂದರು.

ಆರು ವರ್ಷದ ಹಿಂದೆ ಐರೋಲಿಯ ರಮಾಕಾಂತರು ಬಂದರು. ಮೈಸೂರಿನವರು, ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆ, ಮೃದು ಮಾತು. ಅವರದು ಇಪ್ಪತ್ತು ವರ್ಷ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು, ನಾಲ್ಕೂ ಚಕ್ರಕ್ಕೆ ಬಲ ಹಂಚುವಂಥದ್ದು. ಇಂಜಿನ್ ಸವೆದಿತ್ತು. ಅದೇ ವಂಶದ ಹೊಸ ಟರ್ಬೊ ಇಂಜಿನ್ನೊಂದನ್ನು ಕಾಗದಪತ್ರ ಸಮೇತ ತಂದಿದ್ದರು. "ಸಾರ್, ಎರಡು ಕಡೆ ಆಗಲ್ಲ ಅಂದ್ಬಿಟ್ರು," ಎಂದರು. ದಯಣ್ಣ ಬಾನೆಟ್ಟಿನೊಳಗೆ ತಲೆ ಹಾಕಿ, "ಆಗುದಿಲ್ಲ ಅಂದವರಿಗೆ ಆಗುದಿಲ್ಲ. ಬಿಟ್ಟು ಹೋಗಿ," ಎಂದರು.

ಹಳೆಯ ಕಾರಿನ ಆಕ್ಸಿಲರೇಟರ್ ಎಳೆಯುವುದು ತಂತಿಯನ್ನು. ಹೊಸ ಇಂಜಿನ್ ಕೇಳುವುದು ವಿದ್ಯುತ್ತಿನ ಮಾತನ್ನು. ಪೆಡಲು ಬದಲಾಯಿತು, ಕಂಪ್ಯೂಟರ್ ಬದಲಾಯಿತು. ಹನ್ನೊಂದು ಸಾವಿರ ವೈರುಗಳನ್ನು ಈ ಲೇಖಕ ಕಣ್ಣುಮುಚ್ಚಿ ಜೋಡಿಸಿದ. ಕೊನೆಗೆ ಉಳಿದದ್ದು ಟರ್ಬೊದಿಂದ ಇಳಿಯುವ, ಕೆಂಡದಂತೆ ಕಾಯುವ ಪೈಪು. ಅದರ ಪಕ್ಕದಲ್ಲೇ ಕ್ಲಚ್ಚಿನ ಎಣ್ಣೆಯ ರಬ್ಬರ್ ನಳಿ. ಕಾರಿನಡಿ ಮಲಗಿದ್ದ ದಯಣ್ಣ ಕೂಗಿ ಹೇಳಿದರು: "ಲತೇಶ, ನಡುವೆ ನಾಲ್ಕು ಬಿಡು. ಬಿಸಿಗೆ ಉಸಿರಾಡ್ಲಿಕ್ಕೆ ಜಾಗ ಬೇಕು." ಈ ಲೇಖಕ ವರ್ನಿಯರ್ ಅಳತೆಗೋಲು ಹಿಡಿದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ನಾಲ್ಕು ಮಿಲಿಮೀಟರ್ ಬಿಟ್ಟ. ಅಂಥ ನಿಖರತೆಯನ್ನು ಜಪಾನೂ ಕಂಡಿರಲಿಕ್ಕಿಲ್ಲ.

ರಮಾಕಾಂತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಲೇಖಕ ಟ್ರಯಲ್ ಹೊರಟ. ಒಂಬತ್ತು ನಿಮಿಷದಲ್ಲಿ ಠಾಣೆ ಮುಟ್ಟಿ ಮರಳುವಾಗ ಶೀಳ್ ಫಾಟಾದಲ್ಲಿ ಹೊಗೆ ಬಂತು. ನಳಿ ಕರಗಿ, ಎಣ್ಣೆ ಕಾದ ಪೈಪಿನ ಮೇಲೆ ಸುರಿದು, ಕ್ಲಚ್ ನೆಲಕ್ಕೆ ಕೂತಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಯಾವನೋ ಅಬ್ಬೇಪಾರಿ ಮೊಬೈಲ್ ಎತ್ತಿದ. "ಡೊಂಬಿವಲಿ ಕಾ ಜುಗಾಡ್" ಎಂದು ತೇಪೆ ಕೆಲಸವನ್ನು ಅಣಕಿಸುವ ಆ ವಿಡಿಯೊ ಅಂಬರನಾಥದವರೆಗೆ ಹರಿದಾಡಿತು. ಅದರಲ್ಲಿ ರಮಾಕಾಂತರು, "ಏನ್ರೀ ಇದು? ಈ ಪೈಪು ಕೂರಿಸಿದ್ದು ದಯಾನಂದ್ ಅವ್ರೇನಾ?" ಎಂದು ಕೇಳುವುದು ಕೇಳಿಸುತ್ತದೆ. ಉತ್ತರ ಹಾರನ್ನುಗಳ ಗದ್ದಲದಲ್ಲಿ ಮುಳುಗಿದೆ.

ಮರುದಿನ ಮಧ್ಯಾಹ್ನದೊಳಗೆ ದಯಣ್ಣ ಪೈಪು ಸರಿಸಿ, ನಳಿ ಬದಲಿಸಿ, "ತಪ್ಪು ಗ್ಯಾರೇಜಿನದ್ದು" ಎಂದಷ್ಟೇ ಹೇಳಿ ಕೀಲಿ ಕೊಟ್ಟರು. ಆ ಕಾರು ಇಂದಿಗೂ ಓಡುತ್ತಿದೆ. ಹೊಗೆಗೆ ಸಾವಿರ ಕಣ್ಣು, ಓಟಕ್ಕೆ ಒಂದೂ ಇಲ್ಲ! ಅಂಥ ಕಾರು ಮತ್ತೆಂದೂ ಆ ಗ್ಯಾರೇಜಿಗೆ ಬರಲಿಲ್ಲ. ಹೊಸ ಇಂಜಿನ್ನುಗಳ ಕನಸು ಕಂಡ ಕೈ ಆರು ವರ್ಷ ರಿಕ್ಷಾ, ಟೆಂಪೊಗಳಲ್ಲೇ ಸವೆಯಿತು. ಧಿಕ್ಕಾರವಿರಲಿ, ಆ ವಿಡಿಯೊ ಹಂಚಿದವರಿಗೆ! ಧಿಕ್ಕಾರವಿರಲಿ, ಕಾಣದೆ ತೀರ್ಪು ಕೊಟ್ಟವರಿಗೆ!

ಇಲ್ಲಿಗೆ ಲೇಖನ ಮುಗಿದು ಅಚ್ಚಿಗೆ ಹೋಗಿತ್ತು. ಆಗ ಕರಡು ತಿದ್ದುತ್ತಿದ್ದ ದಯಣ್ಣನ ಮಗಳು ಶ್ರದ್ಧಾ ಫೋನು ಮಾಡಿದಳು.

"ಲತೇಶಣ್ಣ, ಏಕ್ ಬಾತ್ ಬತಾವ್. ನಾಲ್ಕು ಮಿಲಿಮೀಟರ್ ಅಂತ ಬರ್ದಿದ್ದೀರಿ. ಪಪ್ಪ ಕಬ್ ಸೇ, ಯಾವಾಗಿಂದ ಮಿಲಿಮೀಟರ್ ಹೇಳ್ಲಿಕ್ಕೆ ಶುರು ಮಾಡಿದ್ರು?"

ಈ ಲೇಖಕ ತನ್ನ ಪ್ರತಿ ತೆಗೆದು ಆ ಸಾಲು ಹುಡುಕುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಪಪ್ಪನಿಗೆ ಓದಿ ಹೇಳಿದೆ. ನಕ್ಕರು. 'ಅವನ ಒಂಬತ್ತು ನಿಮಿಷ ಮಾತ್ರ ತಿದ್ದು, ಬೇರೆ ಎಲ್ಲ ಹಾಗೇ ಬಿಡು, ಪಾಪ' ಅಂದ್ರು. ಅವ್ರಿಗೆ ಪೆಹಲೇ ಸೇ ಮಾಲೂಮ್ ಥಾ, ಎಲ್ಲ ಮೊದ್ಲೇ ಗೊತ್ತಿತ್ತು."

ಈ ಲೇಖಕ, ಈ ಲೇಖಕ ಎಂದು ಮರೆಯಲ್ಲಿ ನಿಂತದ್ದು ಸಾಕು. ವರ್ನಿಯರ್ ಹಿಡಿದ ಕೈ ನನ್ನದು. ದಯಣ್ಣ ಬಿಡಲು ಹೇಳಿದ್ದು ನಾಲ್ಕು ಸೂತು, ಎಂದರೆ ಅರ್ಧ ಇಂಚು. ಅದರ ಮೂರನೆಯ ಒಂದು ಪಾಲೂ ನಾನು ಬಿಟ್ಟಿರಲಿಲ್ಲ. ಸೂತೋ ಮಿಲಿಮೀಟರೋ ಎಂದು ಒಂದು ಮಾತು ಕೇಳಿದರೆ ದಡ್ಡನೆನಿಸಿಕೊಂಡೇನು ಎಂದು ಕೇಳಲಿಲ್ಲ. ಠಾಣೆಯನ್ನು ನಾವು ಅಂದು ಮುಟ್ಟಲೇ ಇಲ್ಲ. ಶೀಳ್ ಫಾಟಾ ತಲುಪಲಿಕ್ಕೇ ಒಂದು ಗಂಟೆ ಹಿಡಿದಿತ್ತು. ಹಾರನ್ನುಗಳಲ್ಲಿ ಮುಳುಗಿದ ಆ ಉತ್ತರವೂ ನನ್ನದೇ. "ಹೌದು ಸಾರ್, ದಯಣ್ಣನೇ ಕೂರಿಸಿದ್ದು" ಎಂದಿದ್ದೆ. ಜಗಲಿಯವರನ್ನು ಇಷ್ಟು ಬೈದೆನಲ್ಲ, ಅವರ ಬಾಯಿಗೆ ಆ ಮಾತು ಇಟ್ಟವನು ನಾನು. ಹೋದದ್ದು ದಯಣ್ಣನ ಕೈಯಲ್ಲ, ನನ್ನ ನಾಲಿಗೆ.

ಅಧ್ಯಕ್ಷರೇ, ಒಂದಕ್ಷರವನ್ನೂ ಅಳಿಸದೆ ಅಚ್ಚು ಹಾಕಿಸಿ. ಮೊದಲ ಪ್ರತಿಯನ್ನು ರಮಾಕಾಂತರ ಕೈಗೆ ನಾನೇ ಕೊಡುತ್ತೇನೆ, ಲೋಕಲಿನಲ್ಲಿ ನಿಂತು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಗೆ ಹೋಗಿ. ಎಷ್ಟು ನಿಮಿಷ ಹಿಡಿಯಿತೆಂದು ಈ ಸಲ ಗಡಿಯಾರ ನೋಡಿ ಹೇಳುತ್ತೇನೆ. ದಯಣ್ಣ, ನೀವು ನೂರು ತುಂಬಿಸಿ. ಪಾನಾ ಕೆಳಗಿಟ್ಟರೂ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನನಗೆ ಬೈಯುತ್ತಿರಿ. ಇನ್ನು ಮುಂದೆ ಎಷ್ಟು ಬಿಡಬೇಕೆಂದು ಕೇಳಿಯೇ ಬಿಡುತ್ತೇನೆ.